ಬೆಟ್ಟ ಹತ್ತಿಸಿ ನೋಡಿದ ಗಾಡಿ

ಮೈಸೂರಿನಲ್ಲಿ ಸೆಕೆಂಡ್ ಹ್ಯಾಂಡ್ ಯೆಜ್ಡಿ ಬೈಕ್ ಕೊಳ್ಳುವವರು ರೇಟು ಮಾತಾಡುವ ಮುಂಚೆ ಗಾಡಿಯನ್ನು ಚಾಮುಂಡಿ ಬೆಟ್ಟ ಹತ್ತಿಸಿ ನೋಡುತ್ತಿದ್ದರು. ಹಿಂದೆ ಒಬ್ಬರು ಕೂತಿರಲೇಬೇಕು. ತಿರುವಿನಲ್ಲಿ ಗೇರ್ ಇಳಿಸದೆ ಎಳೆಯುತ್ತದೋ ಇಲ್ಲವೋ, ಮೇಲೆ ಹೋಗಿ ಎಂಜಿನ್ ಆಫ್ ಮಾಡಿ, ಅದು ಇನ್ನೂ ಕಾದಿರುವಾಗಲೇ ಕಿಕ್ ಹೊಡೆದರೆ ಹತ್ತುತ್ತದೋ ಇಲ್ಲವೋ, ಇಷ್ಟು ನೋಡಿದರೆ ಅರ್ಧ ಗೊತ್ತಾಗುತ್ತಿತ್ತು. ಉಳಿದರ್ಧ ಹೇಳಲು ಅದನ್ನು ತಯಾರಿಸಿದ ಕಾರ್ಖಾನೆಯವರೇ ಬೇಕಿತ್ತು. ಆ ಊರಲ್ಲಿ ಅವರಿಗೇನೂ ಬರವಿರಲಿಲ್ಲ.

ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯನ್ನು 1961ರಲ್ಲಿ ಉದ್ಘಾಟಿಸಿದವರು ಜಯಚಾಮರಾಜ ಒಡೆಯರ್. ಅದರ ಹಿಂದಿದ್ದವರು ರುಸ್ತುಂ ಇರಾನಿ, ಫಾರೂಖ್ ಇರಾನಿ. ಚೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಲೈಸೆನ್ಸಿನಲ್ಲಿ 250 ಸಿಸಿ ಗಾಡಿ ಇಲ್ಲಿ ತಯಾರಾಗತೊಡಗಿತು. ಒಂದೇ ಸಿಲಿಂಡರ್, ಎರಡು ಸೈಲೆನ್ಸರ್. ಕಿಕ್ ಹೊಡೆದ ಲಿವರನ್ನೇ ಮುಂದಕ್ಕೆ ತಿರುಗಿಸಿದರೆ ಅದೇ ಗೇರ್ ಲಿವರ್. 70ರ ದಶಕದಲ್ಲಿ ಟ್ಯಾಂಕಿನ ಮೇಲಿನ ಹೆಸರು ಯೆಜ್ಡಿ ಆಯಿತು. 1978ರಲ್ಲಿ ರೋಡ್‌ಕಿಂಗ್ ಬಂತು, 16 ಅಶ್ವಶಕ್ತಿ. ಇವತ್ತಿನ ಲೆಕ್ಕದಲ್ಲಿ ಅದು ಹೆಚ್ಚೇನಲ್ಲ. ಅವತ್ತು ಇಬ್ಬರನ್ನೂ ಎರಡು ಬ್ಯಾಗನ್ನೂ ಹೊತ್ತು ಗುಡಲೂರು ದಾಟಿ ಊಟಿ ಸೇರಿಸಲು ಧಾರಾಳವಾಗಿ ಸಾಕಿತ್ತು.

ನಮ್ಮ ಚಿಕ್ಕಪ್ಪ ಆ ಕಾರ್ಖಾನೆಯ ಅಸೆಂಬ್ಲಿಯಲ್ಲಿದ್ದರು. ಭಾನುವಾರ ಬಂತೆಂದರೆ ಯಾರಾದರೂ ಒಂದು ಹಳೇ ಗಾಡಿ ತಂದು ಮನೆ ಮುಂದೆ ನಿಲ್ಲಿಸುತ್ತಿದ್ದರು. ಚಿಕ್ಕಪ್ಪ ಪೇಂಟು, ಕ್ರೋಮಿಯಂ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ದೊಡ್ಡ ಸ್ಕ್ರೂಡ್ರೈವರಿನ ತುದಿಯನ್ನು ಕ್ರ್ಯಾಂಕ್‌ಕೇಸಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ, ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಬೇರಿಂಗ್ ಸದ್ದು ಬೇರೆ, ಪಿಸ್ಟನ್ ಸದ್ದು ಬೇರೆ, ಕನೆಕ್ಟಿಂಗ್ ರಾಡ್ ಸಡಿಲವಾದ ಸದ್ದೇ ಬೇರೆ. ಆಮೇಲೆ ಹೊಗೆ. ಎಂಜಿನ್ ಕಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ, "ಸೀಲ್ ಹೋಗಿದೆ ಕಣೋ, ಗೇರ್ ಆಯಿಲ್ ಕುಡೀತಾ ಇದೆ" ಅನ್ನುತ್ತಿದ್ದರು. ಕೊನೆಗೆ ಮಾರುವವನಿಗೆ ಒಂದು ಪ್ರಶ್ನೆ: "ಎಷ್ಟು ಬೋರ್ ಆಗಿದೆಯಪ್ಪಾ?" ಸಿಲಿಂಡರ್ ಸವೆದಾಗಲೆಲ್ಲ ಕೊರೆದು ಹಿಗ್ಗಿಸಿ ಒಂದು ಸೈಜು ದೊಡ್ಡ ಪಿಸ್ಟನ್ ಹಾಕುವುದು ರೂಢಿ. ಕೊನೆಯ ಸೈಜಿಗೆ ಬಂದ ಗಾಡಿಗೆ ಮುಂದೆ ಸಿಲಿಂಡರೇ ಬದಲಿಸಬೇಕು. ಹಾಲಿನ ಕ್ಯಾನ್ ಹೊತ್ತು ಓಡಿದ ಗಾಡಿಯಾದರೆ ಹಿಂದೆ ಕೂತು ಎರಡೂ ಚಕ್ರ ಒಂದೇ ಗೆರೆಯಲ್ಲಿವೆಯೇ ಅಂತ ಒಂದು ಕಣ್ಣಲ್ಲಿ ಅಳೆಯುತ್ತಿದ್ದರು.

ಘಾಟಿಯಲ್ಲಿ ಓಡಿಸಿದ್ದೀರಾ ಎಂದೂ ಕೇಳುತ್ತಿದ್ದರು. ಅದಕ್ಕೆ ಕಾರಣವಿತ್ತು. ಟೂ ಸ್ಟ್ರೋಕ್ ಎಂಜಿನ್ನಿಗೆ ಆಯಿಲ್ ಹೋಗುವುದು ಪೆಟ್ರೋಲಿನ ಜೊತೆಯಲ್ಲೇ. ಊಟಿಯಿಂದ ಕಲ್ಲಟ್ಟಿ ಕಡೆಯ ಆ 36 ತಿರುವುಗಳನ್ನು ಇಳಿಯುವಾಗ ಎಕ್ಸಲರೇಟರ್ ಪೂರ್ತಿ ಬಿಟ್ಟು ಗೇರಿನ ಮೇಲೆ ಇಳಿಸಿದರೆ ಪೆಟ್ರೋಲೂ ಇಲ್ಲ, ಆಯಿಲೂ ಇಲ್ಲ. ಎಂಜಿನ್ ಮಾತ್ರ ಜೋರಾಗಿ ತಿರುಗುತ್ತಿರುತ್ತದೆ. ಪಿಸ್ಟನ್ ಜಾಮ್ ಆಗುವುದು ಹೀಗೆ. ತಿಳಿದವರು ಇಳಿಜಾರಿನಲ್ಲೂ ಆಗಾಗ ಕ್ಲಚ್ ಹಿಡಿದು ಒಂದು ಸಲ ಎಕ್ಸಲರೇಟರ್ ತಿರುವುತ್ತಾರೆ. ಒಮ್ಮೆ ಜಾಮ್ ಆದ ಸಿಲಿಂಡರಿನ ಗೋಡೆಯಲ್ಲಿ ಗೀರು ಉಳಿದುಬಿಡುತ್ತದೆ, ಮಾರುವವನು ಏನೇ ಹೇಳಲಿ.

ದೂರ ಹೋಗುವವರ ಮುಂದೆ ಇನ್ನೆರಡು ಹೆಸರಿದ್ದವು. ಒಂದು ಬುಲೆಟ್. ಸೈನ್ಯಕ್ಕೆ ಬೇಕೆಂದು ಇಂಗ್ಲೆಂಡಿನಿಂದ ಬಂದು, 1955ರಿಂದ ಮದರಾಸಿನಲ್ಲೇ ಬೇರುಬಿಟ್ಟ ಗಾಡಿ. ಬಲಗಾಲಲ್ಲಿ ಗೇರು, ಎಡಗಾಲಲ್ಲಿ ಬ್ರೇಕು. ಆಂಪಿಯರ್ ಮೀಟರಿನ ಮುಳ್ಳು ನೋಡಿ ಕಿಕ್ ಹೊಡೆಯಬೇಕು, ಇಲ್ಲದಿದ್ದರೆ ಮೊಣಕಾಲಿಗೆ ಪೆಟ್ಟು. ಅದರ ನಿಧಾನ ನನಗೆ ಇವತ್ತಿಗೂ ಇಷ್ಟ.

ಇನ್ನೊಂದು 1983ರಲ್ಲಿ ಫರೀದಾಬಾದಿನ ಎಸ್ಕಾರ್ಟ್ಸ್‌ನಿಂದ ಬಂದ ರಾಜದೂತ್ 350. ಯಮಹಾದ ಎರಡು ಸಿಲಿಂಡರಿನ ಎಂಜಿನ್, ಆರು ಗೇರು. ಹೈ ಟಾರ್ಕ್ ಮಾದರಿಗೆ 30.5 ಅಶ್ವಶಕ್ತಿ, ಲೋ ಟಾರ್ಕ್‌ಗೆ 27. ಅಂಥ ಶಕ್ತಿಯನ್ನು ನಮ್ಮ ರಸ್ತೆ ಅದುವರೆಗೆ ಕಂಡಿರಲಿಲ್ಲ. ಆದರೆ ಇಲ್ಲಿ ತಯಾರಾದ ಗಾಡಿಗೆ ಮುಂದೆ ಡಿಸ್ಕ್ ಬ್ರೇಕ್ ಬದಲು ಡ್ರಮ್ ಹಾಕಿದ್ದರು. ಆ ವೇಗಕ್ಕೆ ಆ ಬ್ರೇಕ್ ಕೊಟ್ಟದ್ದು ಸರಿಯಲ್ಲ ಎಂದೇ ನನ್ನ ಅಭಿಪ್ರಾಯ. ಪೆಟ್ರೋಲ್ ಖರ್ಚು ಕೇಳಿ ಜನ ಹಿಂದೆ ಸರಿದರು. ಪಾರ್ಟ್ಸ್ ಬೇಕೆಂದರೆ ಬೆಂಗಳೂರಿನ ಜೆ.ಸಿ. ರೋಡ್, ಶಿವಾಜಿನಗರದ ಗುಜರಿ ಅಲೆಯಬೇಕು. ಈಗ ಅದೇ ಗಾಡಿಗೆ ಲಕ್ಷಗಟ್ಟಲೆ ಕೇಳುತ್ತಾರೆ.

1985ರಲ್ಲಿ ಹೀರೋ ಹೋಂಡಾ ಬಂತು. ಅದರ ಮೈಲೇಜಿನ ಮುಂದೆ ಯೆಜ್ಡಿಯ ಮೂವತ್ತರ ಆಸುಪಾಸು ಮಂಕಾಯಿತು. ಮೇಲೆ ಹೊಗೆಯ ಕಾನೂನು ಬಿಗಿಯಾಯಿತು. 1996ರಲ್ಲಿ ಯಾದವಗಿರಿಯ ಗೇಟು ಮುಚ್ಚಿತು. ನಮ್ಮ ಬೀದಿಯಲ್ಲೇ ಎಷ್ಟೋ ಮನೆಗಳ ಒಲೆ ಆ ಸಂಬಳದ ಮೇಲೆ ನಿಂತಿತ್ತು. ಆ ವರ್ಷದ ದಸರಾದ ಬಗ್ಗೆ ಚಿಕ್ಕಪ್ಪ ಕಡೆತನಕ ಮಾತಾಡಲಿಲ್ಲ.

ನಾನು ರೋಡ್‌ಕಿಂಗ್ ಕೊಂಡದ್ದು ಅದರ ಮರುವರ್ಷ. ಬ್ಯಾಂಕಿನ ಕೆಲಸ, ಚಿಕ್ಕಮಗಳೂರಿಗೆ ವರ್ಗ, ಶನಿವಾರ ಬಂದರೆ ಮೈಸೂರಿಗೆ ಓಟ. ಕಂಪನಿ ಮುಚ್ಚಿದ ಗಾಡಿ ಯಾಕೆ ಅಂತ ಎಲ್ಲರೂ ಕೇಳಿದರು. ನನ್ನ ಲೆಕ್ಕ ಬೇರೆಯಿತ್ತು. ಕೆಲಸ ಕಳೆದುಕೊಂಡ ಹಲವರು ಪರಿಹಾರದ ದುಡ್ಡಿಗೆ ಕಾಯದೆ ಸ್ಪ್ಯಾನರ್ ಹಿಡಿದು ಅಲ್ಲಲ್ಲಿ ಶೆಡ್ ಹಾಕಿಕೊಂಡಿದ್ದರು. ಕೃಷ್ಣರಾಜನಗರ, ಹೊಳೆನರಸೀಪುರ, ಹಾಸನ, ಬೇಲೂರು: ಆ ದಾರಿಯಲ್ಲಿ ಯೆಜ್ಡಿಯ ಒಳಗು ಬಲ್ಲ ಕೈ ಇಲ್ಲದ ಊರು ನನಗೆ ಸಿಕ್ಕಲಿಲ್ಲ. ಹೊಸ ಪಾಯಿಂಟ್ ಸೆಟ್ಟು, ಕ್ಲಚ್ ಪ್ಲೇಟು, ಸೀಲು ಅಂಗಡಿಯಲ್ಲಿ ಸಿಗುತ್ತಿದ್ದವು. ಗಾಡಿಯ ಬೆಲೆ ಮಾತ್ರ ನೆಲಕಚ್ಚಿತ್ತು. ದೂರ ಹೋಗುವವನಿಗೆ ಅದಕ್ಕಿಂತ ಒಳ್ಳೆಯ ವ್ಯಾಪಾರ ಆ ಕಾಲದಲ್ಲಿ ಕರ್ನಾಟಕದಲ್ಲಿ ಇರಲಿಲ್ಲ ಎಂದು ಈಗಲೂ ಹೇಳುತ್ತೇನೆ. ಆ ಕಾರ್ಮಿಕರ ಕೈಗುಣವನ್ನು ಯಾವ ಪುಸ್ತಕವೂ ದಾಖಲಿಸಿದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ಅದಕ್ಕೇ ಇದನ್ನು ಬರೆದೆ.

2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ, ಎರಡೂ ಹೆಸರು ಹೊಸ ಎಂಜಿನ್ನಿನೊಂದಿಗೆ ಮತ್ತೆ ರಸ್ತೆಗೆ ಬಂದಿವೆ. ಹಳೆಯದರ ಬೆಲೆ ಏರಿದೆ. ಅದರ ಜೊತೆ ಕಾಗದದ ಮೋಸವೂ ಏರಿದೆ. 15 ವರ್ಷ ದಾಟಿದ ಗಾಡಿಯ ಆರ್‌ಸಿ ನವೀಕರಣವಾಗಿದೆಯೇ, ಎಂಜಿನ್ ನಂಬರು ಅದರಲ್ಲಿರುವುದೇ ಹೌದೇ, ಯಾರಾದರೂ ಉಜ್ಜಿ ಹೊಸದಾಗಿ ಹೊಡೆದಿದ್ದಾರೆಯೇ ಎಂದು ಬೆರಳಲ್ಲಿ ಸವರಿ ನೋಡಬೇಕು.

ಅಣ್ಣನ ಮಗ ಹೋದ ತಿಂಗಳು 400 ಸಿಸಿಯ ಟೂರಿಂಗ್ ಗಾಡಿ ನೋಡಲು ನನ್ನನ್ನೂ ಕರೆದೊಯ್ದ. ಫ್ಯುಯೆಲ್ ಇಂಜೆಕ್ಷನ್ ಗಾಡಿ, ತಪ್ಪು ಹುಡುಕಲು ಸ್ಕ್ಯಾನರ್ ಹಾಕುತ್ತಾರೆ. ಹಾಕಿದರು, ಏನೂ ತೋರಿಸಲಿಲ್ಲ. ನಾನು ಸೆಂಟರ್ ಸ್ಟ್ಯಾಂಡ್ ಹಾಕಿಸಿ, ಮುಂದಿನ ಚಕ್ರ ಎತ್ತಿಸಿ, ಹ್ಯಾಂಡಲನ್ನು ನಿಧಾನಕ್ಕೆ ತಿರುಗಿಸಿದೆ. ನಡುವೆ ಒಂದು ಕಡೆ ಕಟ್ ಅಂತ ಹಿಡಿಯಿತು, ಹ್ಯಾಂಡಲಿನ ಬೇರಿಂಗ್ ಸವೆದಿತ್ತು. "ಚಿಕ್ಕಪ್ಪ, ಕೋನ್ ಸೆಟ್ಟಾ?" ಅಂದ ಹುಡುಗ. ಅದರ ಖರ್ಚನ್ನು ರೇಟಿನಲ್ಲಿ ಇಳಿಸಿಕೊಂಡು ಅವತ್ತೇ ಅಡ್ವಾನ್ಸ್ ಕೊಟ್ಟ.