ಕಣ್ಣಿನ ಪೊರೆ: ಒಂದು ಆಸೆಯ ಚರಿತ್ರೆ

ಕೃಷ್ಣಾ ತುಂಗಭದ್ರೆಗಳ ನಡುವಣ ರಾಯಚೂರು ಸೀಮೆ ಬಿಸಿಲಿಗೆ ಹೆಸರಾದದ್ದು. ದೇವದುರ್ಗದ ಹೊಲಗಳಲ್ಲಿ, ಮಾನ್ವಿಯ ಕಾಲುವೆ ಬಯಲಿನ ಗದ್ದೆಗಳಲ್ಲಿ ಜೀವಮಾನವೆಲ್ಲ ದುಡಿದವರಿಗೆ ಅರುವತ್ತರ ಸುಮಾರಿನಲ್ಲಿ ಲೋಕವು ಮಂಜು ಕವಿದಂತೆ ತೋರುವುದುಂಟು. ಅಂಥ ಹಿರಿಯರು ರಾಯಚೂರು ಪಟ್ಟಣದ ಔಷಧದಂಗಡಿಗೆ ಬಂದು, "ಕಣ್ಣಿಗೆ ಶಕ್ತಿ ಬರೋ ಗುಳಿಗಿ ಕೊಡ್ರಿ" ಎಂದು ಕೇಳಿದರೆ ಅಚ್ಚರಿಯಿಲ್ಲ. ಶಸ್ತ್ರದ ಸೋಂಕಿಲ್ಲದೆ ಪೊರೆ ಕರಗಲೆಂಬ ಆಸೆ ಅದು. ಶ್ರೋತೃಗಳೇ, ಆ ಆಸೆಗೂ ಒಂದು ಚರಿತ್ರೆಯಿದೆ.

ಶಸ್ತ್ರದ ದಾರಿ ಬಹು ಹಳೆಯದು. ಶಲಾಕೆಯಿಂದ ಪೊರೆಯನ್ನು ಸರಿಸುವ ಕ್ರಮವನ್ನು ಸುಶ್ರುತಸಂಹಿತೆ ವಿವರಿಸುತ್ತದೆ. ಅದನ್ನು ಕಣ್ಣಿನಿಂದ ಹೊರತೆಗೆಯುವ ವಿಧಾನವನ್ನು ಫ್ರಾನ್ಸಿನ ದಾವಿಯೆಲ್ 1747ರಲ್ಲಿ ಕೈಗೊಂಡನು. 1949ರಲ್ಲಿ ಲಂಡನ್ನಿನ ರಿಡ್ಲಿ ಕೃತಕ ಮಸೂರವನ್ನು ಕೂರಿಸಿದನು. ಬೀಳಗಿಯಲ್ಲಿ 1916ರಲ್ಲಿ ಜನಿಸಿದ ಡಾ. ಎಂ. ಸಿ. ಮೋದಿಯವರು ಶಿಬಿರಗಳ ಮೂಲಕ ಈ ಚಿಕಿತ್ಸೆಯನ್ನು ಹಳ್ಳಿಗರ ಬಳಿಗೇ ಒಯ್ದರು. ಒಂದೇ ದಿನ 833 ಶಸ್ತ್ರಚಿಕಿತ್ಸೆ ನಡೆಸಿದ ದಾಖಲೆ ಅವರದು.

ಆಹಾರದ ಮೇಲಣ ಆಸೆಯೂ ನಿರಾಧಾರವಾಗಿರಲಿಲ್ಲ. ಮಸೂರದ ನಡುವಣ ಪ್ರೋಟೀನುಗಳು ಹುಟ್ಟಿನಿಂದ ಸಾವಿನವರೆಗೂ ಬದಲಾಗುವುದಿಲ್ಲ. ಬೆಳಕೂ ಆಮ್ಲಜನಕವೂ ವರ್ಷಾನುವರ್ಷ ತಾಕಿ ಅವು ಕೆಡುತ್ತವೆ, ಗಂಟುಗಟ್ಟುತ್ತವೆ, ಮಸುಕಾಗುತ್ತವೆ. ಈ ಉತ್ಕರ್ಷಣವನ್ನು ತಡೆಯಲೆಂದೇ ಕಣ್ಣಿನೊಳಗಣ ದ್ರವದಲ್ಲಿ 'ಸಿ' ಜೀವಸತ್ತ್ವವು ರಕ್ತದಲ್ಲಿರುವುದಕ್ಕಿಂತ ಹಲವು ಪಟ್ಟು ಹೆಚ್ಚಾಗಿರುತ್ತದೆ. ಇಂಥ ಉತ್ಕರ್ಷಣ ನಿರೋಧಕಗಳು ರಕ್ತದಲ್ಲಿ ಹೆಚ್ಚಿದ್ದವರಿಗೆ ಪೊರೆ ಕಡಿಮೆಯೆಂದು ದೆಹಲಿಯಲ್ಲಿ ನಡೆದು 1989ರಲ್ಲಿ ಪ್ರಕಟವಾದ ಭಾರತ–ಅಮೆರಿಕ ಅಧ್ಯಯನವು ಸೂಚಿಸಿತು. ಮಕ್ಕಳ ಅಂಧತ್ವವನ್ನು ತಡೆಯಲು 1970ರಲ್ಲಿ ಆರಂಭವಾದ 'ಎ' ಜೀವಸತ್ತ್ವದ ಕಾರ್ಯಕ್ರಮವೂ ಜನರ ಕಣ್ಣಮುಂದಿತ್ತು. ಮಗುವಿನ ಇರುಳುಗಣ್ಣನ್ನು ನೀಗುವ ಸತ್ತ್ವ ಅಜ್ಜನ ಪೊರೆಯನ್ನೂ ನೀಗದೇ ಎಂದು ಜನ ಎಣಿಸಿದ್ದು ಸಹಜ.

ಆದರೆ ಪರೀಕ್ಷೆ ಬೇರೆಯೇ ಉತ್ತರ ಕೊಟ್ಟಿತು. ದಕ್ಷಿಣ ಭಾರತದ ಹಳ್ಳಿಗಳಲ್ಲಿ 798 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಐದು ವರ್ಷ ಬೀಟಾ ಕ್ಯಾರೋಟೀನ್, 'ಸಿ' ಮತ್ತು 'ಇ' ಜೀವಸತ್ತ್ವಗಳನ್ನೂ ಇನ್ನೊಂದಕ್ಕೆ ಸತ್ತ್ವವಿಲ್ಲದ ಗುಳಿಗೆಗಳನ್ನೂ ಕೊಡಲಾಯಿತು. 2006ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಪೊರೆಯ ಬೆಳವಣಿಗೆಗೆ ಸಂಬಂಧಿಸಿ ಎರಡು ಗುಂಪುಗಳ ನಡುವೆ ಗಣನೀಯ ಅಂತರವೇನೂ ಕಾಣಲಿಲ್ಲ. ಒಳ್ಳೆಯ ಊಟ ಮಾಡುವವರ ಬಾಳಿನಲ್ಲಿ ಬೇರೆ ಅನುಕೂಲಗಳೂ ಇರುತ್ತವೆ. ಅವೆಲ್ಲದರ ಫಲವನ್ನು ಒಂದು ಗುಳಿಗೆ ತಂದುಕೊಡಲಾರದು.

ಹಾಗೆಂದು ಜೋಳದ ರೊಟ್ಟಿ, ಪುಂಡಿಪಲ್ಯಗಳು ವ್ಯರ್ಥವಲ್ಲ. ದೇಹಕ್ಕೆಲ್ಲ ಅವು ಬೇಕು. ಬೀಡಿ ಬಿಡುವುದು, ಬಿಸಿಲಿಗೆ ಕಣ್ಣನ್ನು ಮರೆಮಾಡುವುದು, ಸಕ್ಕರೆ ಕಾಯಿಲೆಯನ್ನು ಹತೋಟಿಯಲ್ಲಿಡುವುದು ಪೊರೆ ಬರುವುದನ್ನು ತಡಮಾಡಬಲ್ಲವು. ಬಂದ ಪೊರೆಯನ್ನು ಕರಗಿಸುವ ಗುಳಿಗೆಯಂತೂ ಇಲ್ಲ. ಗುಳಿಗೆಯನ್ನೇ ನಂಬಿ ಕಾಯುತ್ತ ಕುಳಿತರೆ ಪೊರೆ ಅತಿಯಾಗಿ ಮಾಗಿ, ಕಣ್ಣಿನೊಳಗಣ ಒತ್ತಡವೇರಿ, ಮರಳಿ ಬಾರದಂತೆ ದೃಷ್ಟಿ ಹೋಗಬಹುದು. ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ 1976ರಿಂದ ನಡೆದುಬಂದಿದೆ. ಅದರಡಿ ಈ ಶಸ್ತ್ರಚಿಕಿತ್ಸೆ ಉಚಿತ. ಮನೆಯ ಹಿರಿಯರು ಮೊಮ್ಮಗನನ್ನು ದನಿಯಿಂದ ಮಾತ್ರ ಗುರುತಿಸತೊಡಗಿದ್ದರೆ, ಅವರ ಕೈಹಿಡಿದು ಆಸ್ಪತ್ರೆಗೆ ಕರೆದೊಯ್ಯುವ ಹೊತ್ತು ಬಂದಿದೆಯೆಂದು ತಿಳಿಯಬೇಕು.