ರೆಸ್ಕ್ಯೂ ಮೋಡ್‌ನಲ್ಲಿ ನೆಟ್‌ವರ್ಕ್ ಸ್ಟೋರೇಜ್ ಹಿಡಿಯುವುದು

2019ರ ಆಗಸ್ಟ್‌ನಲ್ಲಿ ಘಟಪ್ರಭಾ ಉಕ್ಕಿ ಗೋಕಾಕ ಊರೊಳಗೇ ನೀರು ನುಗ್ಗಿತ್ತು. ಗೋಕಾಕ, ಮೂಡಲಗಿ ಕಡೆ ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುವವರು ಇನ್ನೊಂದು ಪ್ರತಿಯನ್ನು ಬೇರೆ ಕಟ್ಟಡದಲ್ಲೋ ಮೇಲ್ಮಹಡಿಯಲ್ಲೋ ಇಡಬೇಕೆನ್ನಲು ಬೇರೆ ಕಾರಣ ಬೇಕಿಲ್ಲ. ಆ ಪ್ರತಿ ಸಾಮಾನ್ಯವಾಗಿ ಇರುವುದು ನೆಟ್‌ವರ್ಕ್ ಸ್ಟೋರೇಜ್‌ನಲ್ಲಿ. ಲಿನಕ್ಸ್ ಸರ್ವರ್ ಏಳದಿದ್ದಾಗ ಅಲ್ಲಿಗೆ ತಲುಪುವ ದಾರಿ ತುಸು ಸುತ್ತಿನದು.

ಯಾವ ರೆಸ್ಕ್ಯೂ?

ಲಿನಕ್ಸಿನ ಸೇವೆಗಳನ್ನು ಎಬ್ಬಿಸುವ ಸಿಸ್ಟಂಡಿಯ ರೆಸ್ಕ್ಯೂ ಟಾರ್ಗೆಟ್ ಸ್ಥಳೀಯ ಡಿಸ್ಕುಗಳನ್ನು ಜೋಡಿಸಿ ರೂಟ್ ಶೆಲ್ ಕೊಡುತ್ತದೆ, ನೆಟ್‌ವರ್ಕ್ ಎಬ್ಬಿಸುವುದಿಲ್ಲ. ಎಮರ್ಜೆನ್ಸಿ ಟಾರ್ಗೆಟ್ ಇನ್ನೂ ಜಿಪುಣ. ಡಿಸ್ಕೇ ಕೆಟ್ಟಿದ್ದರೆ ಪೆನ್‌ಡ್ರೈವ್‌ನಿಂದ ಬೂಟ್ ಮಾಡುವುದು ಲೇಸು. ರೆಡ್ ಹ್ಯಾಟ್ ಇನ್‌ಸ್ಟಾಲರಿನಲ್ಲಿ ರೆಸ್ಕ್ಯೂ ಆಯ್ಕೆ ಇದೆ. ಸಿಸ್ಟಂರೆಸ್ಕ್ಯೂ ಎಂಬ ಪ್ರತ್ಯೇಕ ವಿತರಣೆಯೂ ಇದೆ.

ಮೊದಲು ಕೇಬಲ್

ಇಂಟರ್‌ಫೇಸ್ ಎಬ್ಬಿಸಿ, ಐಪಿ ವಿಳಾಸ ಕೊಟ್ಟು, ಸ್ಟೋರೇಜ್ ಬೇರೆ ಸಬ್‌ನೆಟ್‌ನಲ್ಲಿದ್ದರೆ ರೂಟ್ ಸೇರಿಸಿ. ಡಿಎನ್‌ಎಸ್ ಕೈಕೊಡುವ ಸಂಭವವಿರುವುದರಿಂದ ಹೆಸರಿನ ಬದಲು ವಿಳಾಸವನ್ನೇ ಬಳಸಿ. ಸ್ಟೋರೇಜ್ ಯಾವ ವಿಧಾನದಲ್ಲಿ ಸಿಗುತ್ತದೆ ಎಂಬುದಕ್ಕೆ ತಕ್ಕಂತೆ ಎನ್‌ಎಫ್‌ಎಸ್‌ಗೆ 2049, ಸಾಂಬಾಗೆ 445, ಐಸ್ಕಸಿಗೆ 3260ನೇ ಪೋರ್ಟ್ ತೆರೆದಿರಬೇಕು.

ಫೋಲ್ಡರ್ ಹಂಚುವವು

ಎನ್‌ಎಫ್‌ಎಸ್, ಸಾಂಬಾ ಎರಡೂ ಕಡತಗಳನ್ನೇ ಹಂಚುತ್ತವೆ; ಖಾಲಿ ಫೋಲ್ಡರಿಗೆ ಮೌಂಟ್ ಮಾಡಿದರೆ ಆಯಿತು. ಹಳೆಯ ಮೂರನೇ ಆವೃತ್ತಿಯ ಎನ್‌ಎಫ್‌ಎಸ್‌ನಲ್ಲಿ ಲಾಕ್ ಸೇವೆ ನಡೆಯುತ್ತಿಲ್ಲವೆಂದು ಮೌಂಟ್ ನಿಂತರೆ ‘ನೋಲಾಕ್’ ಆಯ್ಕೆ ಕೊಡಿ. ಬರೆಯಲು ಅನುಮತಿಯಿಲ್ಲ ಎಂದರೆ ಗಾಬರಿ ಬೇಡ: ಎನ್‌ಎಫ್‌ಎಸ್ ಸರ್ವರ್ ದೂರದ ರೂಟ್ ಬಳಕೆದಾರನನ್ನು ಸಾಮಾನ್ಯವಾಗಿ ಯಾವ ಹಕ್ಕೂ ಇಲ್ಲದ ‘ನೋಬಡಿ’ಯಾಗಿ ಇಳಿಸುತ್ತದೆ. ಡಿಸ್ಕ್ ಕೆಟ್ಟಿದೆಯೆಂದು ಅರ್ಥವಲ್ಲ.

ಐಸ್ಕಸಿ: ಎಚ್ಚರ ಇಲ್ಲಿ ಬೇಕು

2004ರಲ್ಲಿ ಮಾನಕವಾದ ಐಸ್ಕಸಿ ಇಡೀ ಡಿಸ್ಕನ್ನೇ ತಂತಿಯ ಮೇಲೆ ಕಳಿಸುತ್ತದೆ. ಮೊದಲು ಟಾರ್ಗೆಟ್ (ಇಲ್ಲಿ ಸ್ಟೋರೇಜ್ ಕಡೆಯ ತುದಿ) ಹುಡುಕಿ, ಆಮೇಲೆ ಲಾಗಿನ್. ಇಲ್ಲಿ ಬಹಳ ಜನ ಮುಗ್ಗರಿಸುತ್ತಾರೆ. ಪೆನ್‌ಡ್ರೈವ್‌ನ ಲಿನಕ್ಸಿಗೆ ತನ್ನದೇ ಇನಿಷಿಯೇಟರ್ ಹೆಸರಿರುತ್ತದೆ, ಅಂದರೆ ಸ್ಟೋರೇಜ್‌ಗೆ ತನ್ನನ್ನು ಪರಿಚಯಿಸಿಕೊಳ್ಳುವ ಹೆಸರು; ಸ್ಟೋರೇಜ್ ಹಳೆಯ ಹೆಸರನ್ನಷ್ಟೇ ಬಲ್ಲದು, ಬಾಗಿಲು ತೆರೆಯುವುದಿಲ್ಲ. ಮೂಲ ಸಿಸ್ಟಂನ ಸಂರಚನಾ ಕಡತದಿಂದ ಆ ಹೆಸರನ್ನು ಎತ್ತಿ ಹಾಕಿ ಐಸ್ಕಸಿ ಸೇವೆಯನ್ನು ಮರುಚಾಲನೆ ಮಾಡಬೇಕು. ಎಲ್‌ವಿಎಂ ಇದ್ದರೆ ವಾಲ್ಯೂಮ್ ಗ್ರೂಪನ್ನು ಕೈಯಾರೆ ಸಕ್ರಿಯಗೊಳಿಸಬೇಕಾಗಬಹುದು. ಒಂದೇ ಡಿಸ್ಕು ಎರಡು ಹೆಸರಿನಲ್ಲಿ ಕಂಡರೆ ಅದು ಮಲ್ಟಿಪಾತ್, ಅಂದರೆ ಎರಡು ದಾರಿಯಲ್ಲಿ ಬಂದ ಅದೇ ಡಿಸ್ಕು ಇರಬಹುದು, ಹೊಸ ಡಿಸ್ಕೆಂದು ತಿಳಿದು ಫಾರ್ಮ್ಯಾಟ್ ಮಾಡಬೇಡಿ!

ಅದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಇಎಕ್ಸ್‌ಟಿ4, ಎಕ್ಸ್‌ಎಫ್‌ಎಸ್‌ಗಳು ಏಕಕಾಲಕ್ಕೆ ಎರಡು ಯಂತ್ರಗಳಲ್ಲಿ ಮೌಂಟ್ ಆಗಲು ಹುಟ್ಟಿದವಲ್ಲ. ಅದೇ ಡಿಸ್ಕನ್ನು ಮತ್ತೊಂದು ಸರ್ವರ್ ಬಳಸುತ್ತಿರುವಾಗ ನೀವೂ ಬರೆದರೆ ಕಡತ ವ್ಯವಸ್ಥೆ ಹಾಳಾಗುತ್ತದೆ. ಬರೀ ಓದಲೆಂದು ಮೌಂಟ್ ಮಾಡಿದರೂ ಅದು ಜರ್ನಲ್‌ನಲ್ಲಿ ಬಾಕಿ ಉಳಿದ ಬದಲಾವಣೆಗಳನ್ನು ಡಿಸ್ಕಿಗೆ ಬರೆಯಲು ಹೊರಡಬಹುದು. ಹಾಗಾಗಿ ಬೇರೆ ಯಾರೂ ಬಳಸುತ್ತಿಲ್ಲವೆಂದು ಖಾತ್ರಿಯಾಗುವತನಕ ಮೌಂಟೇ ಬೇಡ.

ಎಫ್‌ಸ್ಟ್ಯಾಬ್‌ನಲ್ಲಿ ಎರಡು ಪದ

ಎಷ್ಟೋ ಸಲ ರೆಸ್ಕ್ಯೂಗೆ ತಳ್ಳಿದ್ದೇ ಈ ಸ್ಟೋರೇಜ್. ಐಸ್ಕಸಿ ಡಿಸ್ಕಿನ ಸಾಲನ್ನು ಎಫ್‌ಸ್ಟ್ಯಾಬ್ ಕಡತದಲ್ಲಿ ಸ್ಥಳೀಯ ಡಿಸ್ಕಿನಂತೆ ಬರೆದಿದ್ದರೆ ಸಿಸ್ಟಂಡಿ ನೆಟ್‌ವರ್ಕ್ ಏಳುವ ಮೊದಲೇ ಅದನ್ನು ಹುಡುಕುತ್ತದೆ. ಸಾಮಾನ್ಯವಾಗಿ 90 ಸೆಕೆಂಡು ಕಾದು ಎಮರ್ಜೆನ್ಸಿ ಶೆಲ್‌ಗೆ ಇಳಿಯುತ್ತದೆ. ಎನ್‌ಎಫ್‌ಎಸ್, ಸಾಂಬಾ ಸಾಲುಗಳನ್ನು ಅದು ತಾನಾಗಿಯೇ ನೆಟ್‌ವರ್ಕಿನವೆಂದು ಗುರುತಿಸುತ್ತದೆ, ಐಸ್ಕಸಿಯನ್ನು ಗುರುತಿಸುವುದಿಲ್ಲ. ಎಮರ್ಜೆನ್ಸಿ ಶೆಲ್‌ನಲ್ಲಿ ರೂಟ್ ಕಡತ ವ್ಯವಸ್ಥೆ ಓದಲಷ್ಟೇ ತೆರೆದಿದ್ದರೆ ಅದನ್ನು ಬರೆಯುವಂತೆ ಮರುಮೌಂಟ್ ಮಾಡಿ, ಆ ಸಾಲಿಗೆ ಅಡಿಗೆರೆಯೊಂದಿಗೆ ‘ನೆಟ್‌ಡೆವ್’ ಮತ್ತು ‘ನೋಫೇಲ್’ ಆಯ್ಕೆಗಳನ್ನು ಸೇರಿಸಿ ಬೂಟ್ ಮಾಡಿ. ಅಡಿಗೆರೆ ‘ನೆಟ್‌ಡೆವ್’ನ ಮುಂದೆ ಮಾತ್ರ.