ಅಂಕಿತವೂ ಪುನಾರಚನೆಯ ಋಣವೂ

ಪೂರ್ವಕೃತಿಯನ್ನು ಹೊಸತಾಗಿ ರಚಿಸುವವನು ಮೊದಲಿನವರ ಹೆಸರನ್ನು ಹೇಗೆ ಉಳಿಸತಕ್ಕುದೆಂಬ ಪ್ರಶ್ನೆಗೆ ಹಾವೇರಿ ಸೀಮೆಯ ಸಾಹಿತ್ಯಚರಿತ್ರೆಯಲ್ಲಿ ಮೂರು ನಿದರ್ಶನಗಳು ದೊರೆಯುತ್ತವೆ.

ರಾಣೆಬೆನ್ನೂರು ತಾಲ್ಲೂಕಿನ ಚೌಡದಾನಪುರದೊಡನೆ ಸಂಬಂಧವುಳ್ಳ 12ನೆಯ ಶತಮಾನದ ಅಂಬಿಗರ ಚೌಡಯ್ಯನು, ಬಹುಮಂದಿ ವಚನಕಾರರಂತೆ ಇಷ್ಟದೈವದ ಹೆಸರನ್ನಿಡದೆ, ತನ್ನ ಹೆಸರನ್ನೇ ಅಂಕಿತವಾಗಿ ಇಟ್ಟುಕೊಂಡನು. 16ನೆಯ ಶತಮಾನದ ಕನಕದಾಸರಿಗಾದರೋ ಬ್ಯಾಡಗಿ ತಾಲ್ಲೂಕಿನ ಕಾಗಿನೆಲೆಯ ಆದಿಕೇಶವನೇ ಅಂಕಿತ. ಬಾಯಿಂದ ಬಾಯಿಗೆ ಸಾಗಿದ ಕೀರ್ತನೆಗಳಲ್ಲಿ ಮಾತು ಬದಲಾಯಿತು, ರಾಗ ಬದಲಾಯಿತು, ಅಂಕಿತವು ಉಳಿಯಿತು. ಆದರೆ ಅದು ಆದಿಕರ್ತೃವನ್ನು ಮಾತ್ರ ಕಾಯ್ದಿತು. ಪಾಠವನ್ನು ಬೆಳೆಸಿದ ಗಾಯಕರೂ ಲಿಪಿಕಾರರೂ ಅಜ್ಞಾತರಾದರು.

ಅಚ್ಚಿನ ಯುಗದಲ್ಲಿ ಇದು ವಿಪರ್ಯಾಸಗೊಂಡಿತು. ಹಾವೇರಿಯ ವೆಂಕಟೇಶ ತಿರಕೋ ಕುಲಕರ್ಣಿಯವರು (1869–1942) ಗಳಗನಾಥವೆಂಬ ಗ್ರಾಮನಾಮವನ್ನೇ ಕಾವ್ಯನಾಮವಾಗಿ ತಳೆದು, ಪುಸ್ತಕಗಳನ್ನು ಹೊತ್ತು ಊರೂರು ತಿರುಗಿ ಮಾರಿ, ಓದುಗರನ್ನು ನಿರ್ಮಿಸಿದರು. ಹರಿ ನಾರಾಯಣ ಆಪಟೆಯವರ ಮರಾಠಿ ‘ವಜ್ರಾಘಾತ’ವು ಇವರ ಕೈಯಲ್ಲಿ ‘ಕನ್ನಡಿಗರ ಕರ್ಮಕಥೆ’ಯಾಯಿತು. ವಿಜಯನಗರದ ಪತನವನ್ನು ಕನ್ನಡಿಗರ ಸ್ವಂತ ದುಃಖವೆಂದು ಸಾರುವುದು ಆ ಶೀರ್ಷಿಕೆಯೇ. ಇಲ್ಲಿ ಕೀರ್ತಿ ಪಡೆದವರು ಪುನಾರಚಕರು. ಹಿಂದೆ ಸರಿದುದು ಮೂಲಕರ್ತೃವಿನ ಹೆಸರು.

ಆದುದರಿಂದ ಒಂದೇ ಅಂಕಿತವು ಇಬ್ಬರ ಋಣವನ್ನು ತೀರಿಸಲಾರದು. ಕಥಾವಸ್ತು ಆಪಟೆಯವರದು, ಕನ್ನಡದ ನುಡಿಯೂ ದೃಷ್ಟಿಯೂ ಗಳಗನಾಥರವು. ಮೂಲವನ್ನು ಹೇಳುವುದರಿಂದ ಗಳಗನಾಥರ ಕೀರ್ತಿಗೆ ಕುಂದಿಲ್ಲ. ಹೇಳದಿದ್ದರೆ 1923ರ ‘ಮಾಧವ ಕರುಣಾವಿಲಾಸ’ದಂತಹ ಅವರ ಸ್ವತಂತ್ರ ಕೃತಿಯ ಹಿರಿಮೆಯೂ ತಿಳಿಯದೆ ಹೋಗುವುದು. ಸಂಪಾದಕರೂ ಅಧ್ಯಾಪಕರೂ ಅವರವರ ಪಾಲನ್ನು ಅವರವರ ಹೆಸರಿನಲ್ಲಿ ನಿರ್ದೇಶಿಸುವುದೇ ನ್ಯಾಯ.